ದನ ಲಂಡನ್ನಿಗೆ, ಹಿಟ್ಟು ಮನೆಗೆ: ವಿಕ್ಟೋರಿಯಾ ಕಾಲದ ಒಂದು ಸ್ಕಾಟಿಷ್ ಒಕ್ಕಲುಮನೆ

ಬೆಳಗ್ಗೆ ಐದೂವರೆ ಗಂಟೆ. ನವೆಂಬರ್ ಕೊನೆ. ಹೊರಗೆ ಕಗ್ಗತ್ತಲು, ಮೈ ಕೊರೆಯುವ ಚಳಿ. ಅಡುಗೆಮನೆಯ ಉದ್ದ ಮೇಜಿನ ಮೇಲೆ ಒಂದು ಮರದ ಬಟ್ಟಲು. ಅದರಲ್ಲಿ ಎರಡು ಹಿಡಿ ಓಟ್ಸ್ ಹಿಟ್ಟು, ಒಂದಿಷ್ಟು ಉಪ್ಪು. ಕುದುರೆ ನೋಡಿಕೊಳ್ಳುವ ಆಳು ಒಲೆಯ ಮೇಲಿನ ಕೆಟಲನ್ನು ತೆಗೆದು ಕುದಿಯುವ ನೀರನ್ನು ಅದರ ಮೇಲೆ ಸುರಿಯುತ್ತಾನೆ. ಕೊಂಬಿನ ಚಮಚದ ಹಿಡಿಯಿಂದ ಗರಗರ ತಿರುವುತ್ತಾನೆ. ಅಲ್ಲಲ್ಲಿ ಗಂಟು ಉಳಿಯುತ್ತದೆ, ಒಳಗೆ ಹಸಿ ಹಿಟ್ಟು. ಅವನಿಗೆ ಅದೇ ಇಷ್ಟ. ಪಕ್ಕದಲ್ಲಿ ಒಂದು ಬಟ್ಟಲು ಹಾಲು. ಐದು ನಿಮಿಷದಲ್ಲಿ ಊಟ ಮುಗಿಯಿತು. ಇದರ ಹೆಸರು ಬ್ರೋಸ್. ಒಲೆ ಮೇಲೆ ಬೇಯಿಸುವ ಪ್ರಶ್ನೆಯೇ ಇಲ್ಲ.

ಅಂಗಳ ದಾಟಿದರೆ ಕೊಟ್ಟಿಗೆ. ಅಲ್ಲಿ ಸಾಲಾಗಿ ಕಟ್ಟಿದ ಕಪ್ಪು ದನಗಳು, ಮೈತುಂಬ ಕೊಬ್ಬು. ಇನ್ನೆರಡು ವಾರದಲ್ಲಿ ಅವು ರೈಲು ಹತ್ತುತ್ತವೆ. ಲಂಡನ್ನಿನ ಕ್ರಿಸ್‌ಮಸ್ ಊಟಕ್ಕೆ. ಅವುಗಳನ್ನು ಸಾಕಿದ ಮನೆಯವರು ಆ ಮಾಂಸದ ರುಚಿ ನೋಡುವುದು ವರ್ಷಕ್ಕೆ ಒಂದೆರಡು ಸಲ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ವಿಕ್ಟೋರಿಯಾ ರಾಣಿಯ ಕಾಲದ ಸ್ಕಾಟ್ಲೆಂಡಿನ ಬೇಸಾಯ ಅರ್ಥವಾಗಬೇಕಾದರೆ ಈ ಎರಡು ಚಿತ್ರ ಸಾಕು ಅಂತ ನನಗನ್ನಿಸುತ್ತದೆ. ಒಳ್ಳೆಯದೆಲ್ಲ ಊರು ಬಿಟ್ಟು ಹೋಗುತ್ತಿತ್ತು. ಹಿಟ್ಟು ಉಳಿಯುತ್ತಿತ್ತು. ಉಳಿದ ಆ ಹಿಟ್ಟಿನ ಸುತ್ತಲೇ ಎಲ್ಲರ ಬದುಕು.

ರಾಣಿ ಆಳಿದ್ದು 1837ರಿಂದ 1901ರವರೆಗೆ, 63 ವರ್ಷಕ್ಕೂ ಜಾಸ್ತಿ. ಅಷ್ಟು ಕಾಲವನ್ನು, ಇಡೀ ಸ್ಕಾಟ್ಲೆಂಡನ್ನು ಒಂದೇ ಲೇಖನದಲ್ಲಿ ಹಿಡಿಯಲು ಆಗುವುದಿಲ್ಲ. ಎಡಿನ್‌ಬರೋ ಸುತ್ತಲಿನ ಲೋಥಿಯನ್ ಪ್ರದೇಶದಲ್ಲಿ ನೂರಾರು ಎಕರೆಯ ದೊಡ್ಡ ಜಮೀನುಗಳು. ವಾಯವ್ಯದ ಗುಡ್ಡಗಾಡಿನಲ್ಲಿ ಕುರಿಗಳಿಗಾಗಿ ಜನರನ್ನೇ ಎಬ್ಬಿಸಿ ಓಡಿಸಿದ ಕತೆ. ನಾನು ಹೇಳಹೊರಟಿರುವುದು ಈಶಾನ್ಯದ ಅಬರ್ಡೀನ್‌ಶೈರ್ ಬಗ್ಗೆ, ಸುಮಾರು 1870ರ ದಶಕ. ಮನೆಮಂದಿಯೇ ದುಡಿಯುವ ಸಣ್ಣ ಹಿಡುವಳಿಗಳು ಜಾಸ್ತಿ ಇದ್ದದ್ದು ಅಲ್ಲಿ. ಹೆಚ್ಚಿನವು 50 ಎಕರೆಗಿಂತ ಚಿಕ್ಕವು.

ಜಮೀನು ಎಷ್ಟು ಅಂತ ಕೇಳಿದರೆ ಅಲ್ಲಿನವರು ಎಕರೆ ಲೆಕ್ಕ ಹೇಳುತ್ತಿರಲಿಲ್ಲ. "ಒಂದು ಜೋಡಿಯ ಜಾಗ", "ಎರಡು ಜೋಡಿಯ ಜಾಗ" ಅನ್ನುತ್ತಿದ್ದರು. ಜೋಡಿ ಅಂದರೆ ನೇಗಿಲಿಗೆ ಕಟ್ಟುವ ಎರಡು ಕುದುರೆ. ಒಂದು ಜೋಡಿ ಕುದುರೆ ನಿಭಾಯಿಸುವುದು ಹೆಚ್ಚುಕಮ್ಮಿ 50-60 ಎಕರೆ. ನಾವು ಒಂದು ಜೋಡಿಯ ಜಾಗವನ್ನೇ ನೋಡೋಣ. ಯಜಮಾನ, ಯಜಮಾನಿ, ನಾಲ್ಕೈದು ಮಕ್ಕಳು. ಕೂಲಿಗೆ ಒಬ್ಬ ಕುದುರೆಯಾಳು, ಒಬ್ಬ ಹುಡುಗ, ಅಡುಗೆಮನೆಗೆ ಒಬ್ಬಳು ಹುಡುಗಿ. ಮನೆಮಂದಿಯ ಬೇಸಾಯ ಅಂದರೂ ಮನೆಮಂದಿಯಷ್ಟರಿಂದಲೇ ನಡೆಯುತ್ತಿರಲಿಲ್ಲ.

ಮತ್ತೆ, ಜಮೀನು ಅವರದ್ದಲ್ಲ. ಅದು ಲೇರ್ಡ್ ಎಂದು ಕರೆಯುವ ಒಡೆಯನದ್ದು. ರೈತ 19 ವರ್ಷದ ಗುತ್ತಿಗೆಗೆ ಹಿಡಿದು ಗೇಣಿ ಕಟ್ಟುತ್ತಿದ್ದ. ಹತ್ತೊಂಬತ್ತೇ ಏಕೆ ಎಂದು ಕೇಳಬೇಡಿ, ಪದ್ಧತಿ ಹಾಗಿತ್ತು. ಇಲ್ಲೊಂದು ಕುತ್ತಿತ್ತು. ಅಬರ್ಡೀನ್‌ಶೈರಿನ ಎಷ್ಟೋ ಹೊಲಗಳು ಹಿಂದೆ ಬರೀ ಕಲ್ಲು, ಜೌಗು, ಪೊದೆ. ಬಡ ಒಕ್ಕಲುಗಳು ಕಲ್ಲು ಕಿತ್ತು, ಕಾಲುವೆ ತೋಡಿ, ಆ ಕಲ್ಲಿನಲ್ಲೇ ಗೋಡೆ ಕಟ್ಟಿ ಹೊಲ ಮಾಡಿದರು. ಗುತ್ತಿಗೆ ಮುಗಿಯುವ ಹೊತ್ತಿಗೆ ಭೂಮಿ ಹದವಾಗಿರುತ್ತಿತ್ತು. ಹದವಾದ ಭೂಮಿಗೆ ಗೇಣಿ ಜಾಸ್ತಿ ಅಲ್ವಾ? ಅಪ್ಪ ಬೆವರು ಸುರಿಸಿದ್ದಕ್ಕೆ ಮಗ ದುಡ್ಡು ಕಟ್ಟಬೇಕಾಗುತ್ತಿತ್ತು.

ಇನ್ನು ಮೊಲಗಳ ಕಾಟ. ಪೈರು ತಿನ್ನುವ ಮೊಲವನ್ನು ಹೊಡೆಯುವ ಹಕ್ಕೂ ಒಡೆಯನದ್ದೇ, ಯಾಕೆಂದರೆ ಅದು ಅವನ ಬೇಟೆ. ಕಣ್ಣೆದುರೇ ಟರ್ನಿಪ್ ಗಡ್ಡೆ ಕಡಿಯುತ್ತಿದ್ದರೂ ರೈತ ಸುಮ್ನೆ ನೋಡುತ್ತ ನಿಲ್ಲಬೇಕು. 1880ರಲ್ಲಿ ಕಾನೂನು ಬದಲಾಗಿ ಗೇಣಿದಾರನಿಗೂ ಮೊಲ ಹೊಡೆಯುವ ಹಕ್ಕು ಸಿಕ್ಕಿತು. ಹೊಲಕ್ಕೆ ಮಾಡಿದ ಸುಧಾರಣೆಗೆ ಪರಿಹಾರ ಕೊಡುವ ಕಾನೂನು 1883ರಲ್ಲಿ ಬಂತು.

ಈಗ ಬೇಸಾಯದ ಗುಟ್ಟಿಗೆ ಬರೋಣ. ಇದೊಂದು ತಿರುಗುವ ಚಕ್ರ. ಮೊದಲು ಹಳೆಯ ಹುಲ್ಲುಗಾವಲನ್ನು ಉತ್ತು ಓಟ್ಸ್ ಬಿತ್ತುವುದು. ಮರುವರ್ಷ ಅದೇ ಹೊಲಕ್ಕೆ ಕೊಟ್ಟಿಗೆಯ ಗೊಬ್ಬರವೆಲ್ಲ ಸುರಿದು ಟರ್ನಿಪ್. ಮೂರನೇ ವರ್ಷ ಮತ್ತೆ ಓಟ್ಸ್ ಅಥವಾ ಬಾರ್ಲಿ, ಅದರ ಕೆಳಗೇ ಹುಲ್ಲಿನ ಬೀಜ. ಆಮೇಲೆ ಎರಡು ಮೂರು ವರ್ಷ ಹುಲ್ಲು, ದನ ಮೇಯಲು. ಮತ್ತೆ ಉಳುಮೆ. ಹೊಲವನ್ನು ಐದಾರು ತುಂಡು ಮಾಡಿ, ಒಂದೊಂದು ತುಂಡನ್ನು ಒಂದೊಂದು ಹಂತದಲ್ಲಿ ಇಟ್ಟರೆ ಪ್ರತಿ ವರ್ಷವೂ ಎಲ್ಲವೂ ಸಿಗುತ್ತದೆ.

ಈ ಚಕ್ರದ ಕೀಲಿ ಟರ್ನಿಪ್. ಅದು ಬರುವ ಮುಂಚೆ ಚಳಿಗಾಲದಲ್ಲಿ ದನಕ್ಕೆ ಹಾಕಲು ಒಣಹುಲ್ಲು ಬಿಟ್ಟರೆ ಜಾಸ್ತಿ ಏನೂ ಇರಲಿಲ್ಲ. ವಸಂತ ಬರುವಾಗ ಎಷ್ಟೋ ದನಗಳು ಎದ್ದು ನಿಲ್ಲಲಾರದಷ್ಟು ಸೊರಗಿರುತ್ತಿದ್ದವು. ಟರ್ನಿಪ್ ಬಂದ ಮೇಲೆ ಚಳಿಗಾಲದಲ್ಲೇ ದನ ಕೊಬ್ಬತೊಡಗಿತು. ದನ ಇದ್ದರೆ ಗೊಬ್ಬರ, ಗೊಬ್ಬರ ಇದ್ದರೆ ಓಟ್ಸ್, ಓಟ್ಸ್ ಇದ್ದರೆ ಕುದುರೆಗೂ ಮನುಷ್ಯರಿಗೂ ಊಟ. ಕೊಟ್ಟಿಗೆ ಗೊಬ್ಬರ ಸಾಲದೆ ಪುಡಿ ಮಾಡಿದ ಮೂಳೆಯನ್ನೂ, 1840ರ ದಶಕದಿಂದ ಪೆರು ದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಹಕ್ಕಿಹಿಕ್ಕೆಯನ್ನೂ ಹಾಕುತ್ತಿದ್ದರು. ಹೀಗೆ ಅಬರ್ಡೀನಿನ ಒಂದು ಹೊಲಕ್ಕೂ ದಕ್ಷಿಣ ಅಮೆರಿಕದ ಹಕ್ಕಿಗಳಿಗೂ ನಂಟು.

ಕೇಳಲು ಚೆಂದ. ಮಾಡುವವರ ಪಾಡು ಬೇರೆ. ಮೇ ಕೊನೆ, ಜೂನಿನಲ್ಲಿ ಟರ್ನಿಪ್ ಬಿತ್ತನೆ. ಮೊಳಕೆ ಬಂದ ಮೇಲೆ ಉದ್ದ ಹಿಡಿಯ ಗುದ್ದಲಿ ಹಿಡಿದು ಸಾಲಾಗಿ ನಿಂತು ಒಂದು ಗೇಣು ದೂರಕ್ಕೊಂದರಂತೆ ಸಸಿ ಉಳಿಸಿ ಉಳಿದದ್ದನ್ನೆಲ್ಲ ಕಿತ್ತೆಸೆಯಬೇಕು. ಮೈಲಿಗಟ್ಟಲೆ ಸಾಲು. ಬೇಸಗೆಯಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹೊತ್ತಿಗೆ, ಹಾಗಾಗಿ ಬೆಳಕಿಲ್ಲ ಎಂಬ ನೆಪವೂ ಸಿಗದು.

ನಿಜವಾದ ಶಿಕ್ಷೆ ಚಳಿಗಾಲದಲ್ಲಿ. ಗಡ್ಡೆಯನ್ನು ನೆಲದಿಂದ ಕೈಯಲ್ಲೇ ಕೀಳಬೇಕು. ಎಲೆಯ ಮೇಲೆ ಮಂಜು ಗಟ್ಟಿಯಾಗಿ ಗಾಜಿನ ಚೂರಿನ ಹಾಗೆ ಕೂತಿರುತ್ತದೆ. ಎಡಗೈಯಲ್ಲಿ ಎಲೆಗೊಂಚಲು ಹಿಡಿದು ಎಳೆಯಬೇಕು. ಬಲಗೈಯಲ್ಲಿ ತುದಿ ಕೊಕ್ಕೆಯಂತೆ ಬಾಗಿದ ಕತ್ತಿ. ಒಂದೇಟಿಗೆ ಬೇರು, ಇನ್ನೊಂದೇಟಿಗೆ ಎಲೆ, ಗಡ್ಡೆ ಪಕ್ಕದ ಸಾಲಿಗೆ. ಮುಂದಿನದು. ಕಾಲಿಗೆ ಗೋಣಿಚೀಲ ಸುತ್ತಿಕೊಂಡಿದ್ದರೂ ಹತ್ತು ನಿಮಿಷದಲ್ಲಿ ತೊಯ್ದು ತೊಪ್ಪೆ. ಬೆರಳು ಬಿರುಕು ಬಿಟ್ಟು ರಕ್ತ. ಕೈಗವಸು ಹಾಕಿದರೆ ಕತ್ತಿ ಜಾರುತ್ತದೆ. ದೊಡ್ಡ ದನವೊಂದು ದಿನಕ್ಕೆ 50 ಕಿಲೋ ಆಸುಪಾಸು ಗಡ್ಡೆ ತಿನ್ನುತ್ತದೆ. ಅಕ್ಟೋಬರಿನಲ್ಲಿ ಒಳಗೆ ಕಟ್ಟಿದ ದನ ಹೊರಬರುವುದು ಮೇ ತಿಂಗಳಲ್ಲಿ. ಇಪ್ಪತ್ತು ದನ ಇದ್ದರೆ ದಿನಕ್ಕೆ ಒಂದು ಟನ್. ಭಾನುವಾರದ್ದನ್ನು ಶನಿವಾರವೇ ಕಿತ್ತಿಡಬೇಕು.

ಹೀಗೆ ಕೊಬ್ಬಿದ ದನ ಹಿಂದೆ ಎಲ್ಲಿಗೆ ಹೋಗುತ್ತಿತ್ತು? ನಡೆದುಕೊಂಡೇ ದಕ್ಷಿಣಕ್ಕೆ. ವಾರಗಟ್ಟಲೆ ದಾರಿಯಲ್ಲಿ ನಡೆದು, ಸೊರಗಿ, ಇಂಗ್ಲೆಂಡಿನ ಹುಲ್ಲು ತಿಂದು ಮತ್ತೆ ಕೊಬ್ಬಬೇಕಿತ್ತು. ಲಾಭವೂ ಅಲ್ಲಿನವರಿಗೇ. ಆಮೇಲೆ ಉಗಿಹಡಗು ಬಂತು. 1850ರಲ್ಲಿ ಅಬರ್ಡೀನ್ ಊರಿಗೆ ದಕ್ಷಿಣದಿಂದ ರೈಲು ಮುಟ್ಟಿತು. 1854ರಲ್ಲಿ ಅಲ್ಲಿಂದ ಒಳನಾಡಿನ ಹಂಟ್ಲಿಯವರೆಗೂ ಹಳಿ ಬಿತ್ತು. ಕೊಬ್ಬಿದ ದನ ಕೊಬ್ಬಿದ ಹಾಗೇ ಲಂಡನ್ ತಲುಪತೊಡಗಿತು. ಈ ವ್ಯಾಪಾರದ ದೊಡ್ಡ ಹೆಸರು ಟಿಲಿಫೋರ್‌ನ ವಿಲಿಯಂ ಮಕಾಂಬಿ. ಕೋಡಿಲ್ಲದ ಕಪ್ಪು ಅಬರ್ಡೀನ್ ಆಂಗಸ್ ತಳಿಯನ್ನು ಬೆಳೆಸಿದವರಲ್ಲಿ ಮುಖ್ಯ. ಅವನ 'ಬ್ಲ್ಯಾಕ್ ಪ್ರಿನ್ಸ್' ಎಂಬ ಎತ್ತು 1867ರಲ್ಲಿ ಲಂಡನ್ನಿನ ಸ್ಮಿತ್‌ಫೀಲ್ಡ್ ದನಗಳ ಪ್ರದರ್ಶನದಲ್ಲಿ ಗೆದ್ದಿತು. ರಾಣಿಗೆ ತೋರಿಸಲು ಅದನ್ನು ವಿಂಡ್ಸರ್ ಅರಮನೆಗೂ ಕರೆದೊಯ್ದರು. ಮರುವರ್ಷ ಮಕಾಂಬಿ ಸಂಸತ್ತಿಗೂ ಆರಿಸಿ ಬಂದ.

ಅಂದಹಾಗೆ ರಾಣಿಯ ಬಾಲ್ಮೋರಲ್ ಅರಮನೆ ಇದ್ದದ್ದೂ ಇದೇ ಅಬರ್ಡೀನ್‌ಶೈರಿನಲ್ಲಿ. ಬೆಟ್ಟ, ಜಿಂಕೆ, ಬ್ಯಾಗ್‌ಪೈಪ್ ಎಂಬ ಸ್ಕಾಟ್ಲೆಂಡಿನ ಚಿತ್ರ ಜಗತ್ತಿಗೆ ಹರಡಲು ಆ ಅರಮನೆಯೂ ಒಂದು ಕಾರಣ. ಆ ಚಿತ್ರದಲ್ಲಿ ಟರ್ನಿಪ್ ಕೀಳುವ ಹುಡುಗನಿಗೆ ಜಾಗ ಸಿಗಲಿಲ್ಲ.

ಕುದುರೆ ಮೊದಲು, ಮನುಷ್ಯ ಆಮೇಲೆ

ದಿನದ ಗಡಿಯಾರ ನಡೆಯುತ್ತಿದ್ದುದು ಕುದುರೆಯ ಹೊಟ್ಟೆಯ ಮೇಲೆ. ಕುದುರೆಯಾಳು ಐದಕ್ಕೆ ಎದ್ದು ಮೊದಲು ಲಾಯಕ್ಕೆ ಹೋಗುತ್ತಾನೆ. ಮೇವು ಹಾಕಿ, ಮೈ ಉಜ್ಜಿ, ಆಮೇಲೆ ತನ್ನ ಬ್ರೋಸ್. ಆರಕ್ಕೆ ನೊಗ ಕಟ್ಟಿದರೆ ಹನ್ನೊಂದರವರೆಗೆ. ನಂತರ ಎರಡು ಗಂಟೆ ಬಿಡುವು. ಅದು ಅವನಿಗಲ್ಲ, ಕುದುರೆಗೆ. ಒಂದಕ್ಕೆ ಮತ್ತೆ ಕಟ್ಟಿ ಆರರವರೆಗೆ. ರಾತ್ರಿ ಎಂಟಕ್ಕೆ ಕೊನೆಯ ಸಲ ಮೇವು ಹಾಕಿ ಹಾಸಿಗೆಯ ಹುಲ್ಲು ಸರಿಮಾಡಿದ ಮೇಲೆ ಅವನ ದಿನ ಮುಗಿಯುತ್ತದೆ. ನಡು ಚಳಿಗಾಲದಲ್ಲಿ ಅಲ್ಲಿ ಹಗಲು ಏಳು ಗಂಟೆಯೂ ಇಲ್ಲ. ಆಗ ಬೆಳಕು ಇದ್ದಷ್ಟು ಹೊತ್ತು ಹೊಲ, ಉಳಿದ ಹೊತ್ತು ಲಾಂದ್ರದ ಬೆಳಕಿನಲ್ಲಿ ಒಕ್ಕಣೆ.

ಒಂದು ಸಣ್ಣ ಲೆಕ್ಕ ಮಾಡಿ ನೋಡೋಣ. ನೇಗಿಲ ಸಾಲಿನ ಅಗಲ 9 ಇಂಚು. ಒಂದು ಎಕರೆ ಉಳಲು ಎಷ್ಟು ದೂರ ನಡೆಯಬೇಕು? 11 ಮೈಲಿ, ಅಂದರೆ ಸುಮಾರು 17.7 ಕಿಲೋಮೀಟರ್. ತಿರುವುಗಳು ಬೇರೆ. ಒಳ್ಳೆಯ ಆಳು ಒಳ್ಳೆಯ ದಿನ ಒಂದು ಎಕರೆ ಉಳುತ್ತಿದ್ದ. ಮಣ್ಣು ಮೆತ್ತಿದ ಬೂಟು, ಎರಡೂ ಕೈ ಮೇಣಿಯ ಮೇಲೆ, ಕಣ್ಣು ಮುಂದಿನ ಗುರುತಿನ ಮೇಲೆ. ಸಾಲು ಸೊಟ್ಟ ಆದರೆ ದಾರಿಯಲ್ಲಿ ಹೋಗುವವರೆಲ್ಲ ನೋಡುತ್ತಾರೆ. ಭಾನುವಾರ ಚರ್ಚಿಗೆ ಹೋಗುವಾಗ ಬೇರೆಯವರ ಹೊಲದ ಸಾಲು ಅಳೆಯುವುದೇ ಗಂಡಸರ ಕಾಲಹರಣ.

ದೊಡ್ಡ ಜಮೀನುಗಳಲ್ಲಿ ನಾಲ್ಕೈದು ಜೋಡಿ ಇದ್ದರೆ ಶಿಸ್ತು ಸೈನ್ಯದ ಹಾಗೆ. ಮೊದಲ ಕುದುರೆಯಾಳು ಲಾಯದಿಂದ ಹೊರಡದೆ ಎರಡನೆಯವನು ಹೊರಡುವಂತಿಲ್ಲ. ಮೂರನೆಯವನು ಎರಡನೆಯವನ ಹಿಂದೆ. ಊಟಕ್ಕೂ ಹಾಗೆಯೇ. ಮೊದಲನೆಯವನು ತಿಂದು ಚಾಕು ಮಡಚಿದರೆ ಎಲ್ಲರ ಊಟವೂ ಮುಗಿದ ಹಾಗೆ. ಕೊನೆಯ ಹುಡುಗನ ಬಟ್ಟಲಿನಲ್ಲಿ ಇನ್ನೂ ಉಳಿದಿದ್ದರೆ ಅದು ಅವನ ಹಣೆಬರಹ.

ಕುದುರೆಯಾಳುಗಳಿಗೆ ಗುಟ್ಟಿನ ಸಂಘವೂ ಇತ್ತು. 'ಕುದುರೆಯಾಳಿನ ಮಾತು' ಎಂಬ ಮಂತ್ರದಂಥ ಒಂದು ಮಾತು ಗೊತ್ತಿದ್ದವನಿಗೆ ಕುದುರೆ ಬಗ್ಗುತ್ತದೆ, ಹೆಣ್ಣೂ ಒಲಿಯುತ್ತಾಳೆ ಎಂಬ ನಂಬಿಕೆ. ಹೊಸ ಹುಡುಗನನ್ನು ರಾತ್ರಿ ಕಣ್ಣು ಕಟ್ಟಿ ಕಣಜಕ್ಕೆ ಕರೆತರುತ್ತಿದ್ದರು. ಅವನು ಒಂದು ಬ್ರೆಡ್ಡು, ಒಂದು ಬಾಟಲಿ ವಿಸ್ಕಿ ತರಬೇಕು. ಕೊನೆಗೆ ಸೈತಾನನ ಕೈ ಕುಲುಕಬೇಕು. ಆ ಕೈ ಕತ್ತಲಲ್ಲಿ ಯಾರೋ ಚಾಚಿದ, ತೊಗಲು ಸುತ್ತಿದ ಕೋಲೋ, ಕರುವಿನ ಗೊರಸೋ ಆಗಿರುತ್ತಿತ್ತು. ನಗು ಬರುತ್ತದೆ, ನಿಜ. ಆದರೆ ಸಂಘದ ಒಳಗಿನವರಿಗೆ ಕುದುರೆ ಪಳಗಿಸುವ ವಾಸನೆ, ಮದ್ದುಗಳ ಅನುಭವದ ಜ್ಞಾನ ಸಿಗುತ್ತಿತ್ತು. ಜೊತೆಗೆ ಯಜಮಾನನ ಎದುರು ಒಗ್ಗಟ್ಟು.

ಆ ಒಗ್ಗಟ್ಟಿನ ಅಗತ್ಯವೂ ಇತ್ತು. ಆಳುಗಳನ್ನು ನೇಮಿಸುತ್ತಿದ್ದುದು ಸಂತೆಯಲ್ಲಿ, ವರ್ಷಕ್ಕೆರಡು ಸಲ, ಮೇ ಮತ್ತು ನವೆಂಬರಿನಲ್ಲಿ. ಎಲನ್, ಟರಿಫ್, ಹಂಟ್ಲಿಯಂಥ ಊರುಗಳ ಬೀದಿಯಲ್ಲಿ ಗಂಡಸರು, ಹೆಂಗಸರು, ಹದಿಮೂರರ ಹುಡುಗರು ನಿಂತಿರುತ್ತಿದ್ದರು. ರೈತ ಬಂದು ಮೈಕಟ್ಟು ನೋಡಿ, ಚೌಕಾಸಿ ಮಾಡಿ, ಒಪ್ಪಿಗೆಯಾದರೆ ಕೈಗೆ ಒಂದು ಶಿಲಿಂಗ್ ಇಡುತ್ತಿದ್ದ. ನಮ್ಮ ಭಾಷೆಯಲ್ಲಿ ಇದಕ್ಕೆ ಸರಿಯಾದ ಮಾತೇ ಇದೆ: ಸಂಚಕಾರ. ಸಂಚಕಾರ ಪಡೆದರೆ ಆರು ತಿಂಗಳು ಬಿಡುವಂತಿಲ್ಲ. ಪೂರ್ತಿ ಕೂಲಿ ಕೈಗೆ ಬರುವುದು ಆರು ತಿಂಗಳ ಕೊನೆಯಲ್ಲಿ. ನಡುವೆ ಓಡಿಹೋದರೆ ಜೈಲಿಗೂ ಹಾಕಬಹುದಿತ್ತು. ಮಾತು ತಪ್ಪಿದ ಧಣಿಯ ಮೇಲೆ ಮಾತ್ರ ಬರೀ ಸಿವಿಲ್ ದಾವೆ. ಈ ತಾರತಮ್ಯ ಕಾನೂನಿನಿಂದ ಹೋಗಲು 1875ರವರೆಗೆ ಕಾಯಬೇಕಾಯಿತು.

ಆಳುಗಳಿಗೂ ಒಂದು ಅಸ್ತ್ರವಿತ್ತು: ಹಾಡು. ಯಾವ ಮನೆಯಲ್ಲಿ ಊಟ ಕೆಟ್ಟದು, ಯಾವ ಧಣಿ ಜಿಪುಣ, ಯಾವ ಕುದುರೆ ಬಡಕಲು ಎಂಬುದನ್ನೆಲ್ಲ ಹೆಸರು ಹಿಡಿದೇ ಹಾಡು ಕಟ್ಟುತ್ತಿದ್ದರು. ಹಾಡು ಊರೂರು ಸುತ್ತಿದರೆ ಮುಂದಿನ ಸಂತೆಯಲ್ಲಿ ಆ ರೈತನಿಗೆ ಆಳು ಸಿಗುವುದು ಕಷ್ಟ. ಗೇವಿನ್ ಗ್ರೇಗ್ ಎಂಬ ಶಾಲಾಮಾಸ್ತರರೂ ಜೇಮ್ಸ್ ಡಂಕನ್ ಎಂಬ ಪಾದ್ರಿಯೂ ಮುಂದೆ, 20ನೇ ಶತಮಾನದ ಮೊದಲಲ್ಲಿ, ಈ ಸೀಮೆಯ ಜನಪದ ಹಾಡುಗಳನ್ನು ಸಾವಿರಗಟ್ಟಲೆ ಬರೆದಿಟ್ಟರು. ಹಾಗಾಗಿ ಕೆಲವು ಜಿಪುಣರ ಹೆಸರು ಇವತ್ತಿಗೂ ಉಳಿದಿದೆ.

ಮದುವೆಯಾಗದ ಗಂಡಾಳುಗಳು ಮಲಗುತ್ತಿದ್ದ ಕೋಣೆಗೆ 'ಚಾಮರ್' ಎಂದು ಹೆಸರು. ನಮ್ಮ ಚಾಮರ ನೆನಪಾದರೆ ತಪ್ಪು ನಿಮ್ಮದಲ್ಲ, ಆದರೆ ರಾಜವೈಭವ ಏನೂ ಇರಲಿಲ್ಲ. ಲಾಯದ ಪಕ್ಕ ಅಥವಾ ಮೇಲಿನ ಅಟ್ಟ. ಎಷ್ಟೋ ಕಡೆ ಒಲೆಯೂ ಇಲ್ಲ. ಕೆಳಗಿನ ಕುದುರೆಗಳ ಉಸಿರೇ ಬಿಸಿ. ಹಾಸಿಗೆಗೆ ಓಟ್ಸಿನ ಹೊಟ್ಟು ತುಂಬಿದ ಚೀಲ. ಪ್ರತಿಯೊಬ್ಬನಿಗೂ ಒಂದು ಮರದ ಪೆಟ್ಟಿಗೆ, ಅವನ ಇಡೀ ಆಸ್ತಿ ಅದರಲ್ಲಿ. ದಕ್ಷಿಣಕ್ಕೆ, ಆಂಗಸ್ ಕಡೆಗೆ ಹೋದರೆ 'ಬಾಥಿ' ಪದ್ಧತಿ. ಅಲ್ಲಿ ಆಳುಗಳು ತಾವೇ ಬೇಯಿಸಿಕೊಳ್ಳಬೇಕು. ಕೂಲಿಯ ಜೊತೆ ಅಳೆದು ಕೊಡುತ್ತಿದ್ದ ಹಿಟ್ಟು ವರ್ಷಕ್ಕೆ ಆರೂವರೆ 'ಬೋಲ್'. ಒಂದು ಬೋಲ್ ಅಂದರೆ 140 ಪೌಂಡ್. ಲೆಕ್ಕ ಹಾಕಿದರೆ ವರ್ಷಕ್ಕೆ 910 ಪೌಂಡ್, ದಿನಕ್ಕೆ ಒಂದು ಕಿಲೋಗೂ ಮೇಲೆ. ಒಬ್ಬ ಮನುಷ್ಯನಿಗೆ! ಜೊತೆಗೆ ಹಾಲು. ಹೆಚ್ಚುಕಮ್ಮಿ ಅಷ್ಟೇ.

ಈ ಪದ್ಧತಿಗೆ ಇನ್ನೊಂದು ಮುಖವಿದೆ. ಮದುವೆಯಾದವರಿಗೆ ಕೊಡಲು ರೈತರ ಬಳಿ ಮನೆಗಳೇ ಇರಲಿಲ್ಲ. ಹರೆಯದ ಹುಡುಗರು ಚಾಮರಿನಲ್ಲಿ, ಹುಡುಗಿಯರು ಅಡುಗೆಮನೆಯ ಮಗ್ಗುಲಲ್ಲಿ, ಆರು ತಿಂಗಳಿಗೊಮ್ಮೆ ಊರು ಬದಲು. 1855ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನನ ನೋಂದಣಿ ಶುರುವಾದಾಗ ಚರ್ಚಿನವರಿಗೆ ಆಘಾತ. ಮದುವೆಯಾಗದ ತಾಯಂದಿರಿಗೆ ಹುಟ್ಟಿದ ಮಕ್ಕಳ ಪ್ರಮಾಣ ಪಾಪದ ಕೂಪವೆಂದು ಹೆಸರಾದ ಗ್ಲಾಸ್ಗೋಗಿಂತ ಈ ದೈವಭಕ್ತ ಹಳ್ಳಿಗಳಲ್ಲೇ ಜಾಸ್ತಿ. ಪಾದ್ರಿಗಳು ಗುಡುಗಿದರು. ಮಕ್ಕಳನ್ನು ಮಾತ್ರ ಅಜ್ಜಿ ತಾತ ತಮ್ಮ ಸಣ್ಣ ತುಂಡು ಹೊಲದಲ್ಲಿ ಸದ್ದಿಲ್ಲದೆ ಬೆಳೆಸಿದರು. ಊರಿನವರಿಗೆ ಅದೊಂದು ದೊಡ್ಡ ವಿಷಯವೇ ಆಗಿರಲಿಲ್ಲ.

ಯಜಮಾನಿಯ ಲೆಕ್ಕ

ಗಂಡಸರ ಬಗ್ಗೆ ಹಾಡುಗಳಿವೆ, ದಾಖಲೆಗಳಿವೆ. ಮನೆ ಮುಳುಗದಂತೆ ನೋಡಿಕೊಂಡದ್ದು ಹೆಂಗಸರು. ಹಾಲು ಕರೆಯುವುದು ಅವರ ಕೆಲಸ. ಕುದುರೆಯಾಳು ಹಸುವಿನ ಕೆಚ್ಚಲು ಮುಟ್ಟಿದರೆ ಅವನ ಮಾನ ಹೋದ ಹಾಗೆ. ಕೆನೆ ತೆಗೆದು, ಬೆಣ್ಣೆ ಕಡೆದು, ಚೀಸ್ ಒತ್ತುವುದು, ಕರುಗಳಿಗೆ ಹಾಲು, ಕೋಳಿಗೆ ಕಾಳು. ಬೆಣ್ಣೆ, ಮೊಟ್ಟೆಯನ್ನು ವಾರಕ್ಕೊಮ್ಮೆ ಅಂಗಡಿಯವನಿಗೆ ಕೊಟ್ಟರೆ ಅದಕ್ಕೆ ಬದಲು ಚಹಾ, ಸಕ್ಕರೆ, ಸೋಪು, ಸೀಮೆಎಣ್ಣೆ. ದನದ ದುಡ್ಡು ಗೇಣಿಗೆ, ಮೊಟ್ಟೆಯ ದುಡ್ಡು ಮನೆಗೆ. ಕೊಬ್ಬಿದ ದನ ವರ್ಷಕ್ಕೊಮ್ಮೆ ಮಾರುತ್ತದೆ, ಕೋಳಿ ದಿನಾ ಮೊಟ್ಟೆ ಇಡುತ್ತದೆ. ಹೆಣ್ಣಾಳಿಗೆ ಕೂಲಿ ಮಾತ್ರ ಗಂಡಾಳಿನ ಸುಮಾರು ಅರ್ಧ.

ಅಡುಗೆಯೆಂದರೆ ಓಟ್ಸನ್ನು ಎಷ್ಟು ಬಗೆಯಾಗಿ ತಿನ್ನಬಹುದು ಎಂಬ ವಿದ್ಯೆ. ಬೆಳಗ್ಗೆ ಬ್ರೋಸ್ ಅಥವಾ ಗಂಜಿ. ಕಾವಲಿಯ ಮೇಲೆ ಬೇಯಿಸಿ, ಬೆಂಕಿಯ ಎದುರು ನಿಲ್ಲಿಸಿ ಒಣಗಿಸಿದ ಓಟ್ಸ್ ರೊಟ್ಟಿ, ವಾರಗಟ್ಟಲೆ ಕೆಡದು. ಈರುಳ್ಳಿ ಮತ್ತು ಕೊಬ್ಬಿನಲ್ಲಿ ಹುರಿದ ಹಿಟ್ಟು ಆಲೂಗಡ್ಡೆ ಜೊತೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸೋವನ್ಸ್. ಮಿಲ್ಲಿನಲ್ಲಿ ಬೀಸಿದಾಗ ಉಳಿಯುವ ತೌಡನ್ನು, ಅದಕ್ಕಂಟಿದ ಹಿಟ್ಟಿನ ಸಮೇತ ನೀರಿನಲ್ಲಿ ಹಲವು ದಿನ ನೆನೆಹಾಕುತ್ತಾರೆ. ಹುಳಿ ಬರುತ್ತದೆ. ಸೋಸಿದರೆ ತಳದಲ್ಲಿ ಬಿಳಿ ಗಷ್ಟು. ಅದನ್ನು ಕುದಿಸಿದರೆ ಹುಳಿ ಗಂಜಿ. ಹೊಟ್ಟು ಹಾಸಿಗೆಗೆ, ಹುಲ್ಲು ದನಕ್ಕೆ, ತೌಡು ಗಂಜಿಗೆ. ಓಟ್ಸಿನಲ್ಲಿ ಎಸೆಯುವ ಭಾಗವೇ ಇರಲಿಲ್ಲ. ನಾವೀಗ ತೂಕ ಇಳಿಸಲೆಂದು ದುಬಾರಿ ಪ್ಯಾಕೆಟ್ಟಿನಲ್ಲಿ ಕೊಳ್ಳುವುದು ಇದನ್ನೇ.

ಬೀಸಿ ತಂದ ಹಿಟ್ಟನ್ನು ಇಡಲು ದೊಡ್ಡ ಮರದ ಪೆಟ್ಟಿಗೆ. ಒಳಗೆ ಗಾಳಿ ಉಳಿದರೆ ಹಿಟ್ಟು ಮುಗ್ಗಲಾಗುತ್ತದೆ. ಅದಕ್ಕೆ ಮನೆಯ ಮಕ್ಕಳ ಕಾಲು ಚೆನ್ನಾಗಿ ತೊಳೆದು ಪೆಟ್ಟಿಗೆಯೊಳಗೆ ಇಳಿಸಿ ತುಳಿಸುತ್ತಿದ್ದರು. ವರ್ಷವಿಡೀ ತಿನ್ನುವ ಹಿಟ್ಟಿನ ಮೇಲೆ ಮಕ್ಕಳ ಕುಣಿತ. ಕಂಬಳಿ ಒಗೆತವೂ ಕಾಲಿನಲ್ಲೇ. ಬೇಸಗೆಯಲ್ಲಿ ಒಂದು ದಿನ ಹೆಂಗಸರು ಲಂಗ ಎತ್ತಿಕಟ್ಟಿ ತೊಟ್ಟಿಗಿಳಿದು ತುಳಿಯುತ್ತಿದ್ದರು.

ಒಲೆಗೆ ಪೀಟ್, ಅಂದರೆ ಜೌಗಿನಿಂದ ಇಟ್ಟಿಗೆಯಂತೆ ಕೊಯ್ದು ಒಣಗಿಸಿದ ಕೊಳೆತ ಗಿಡಗಂಟಿಯ ಮಣ್ಣು. ಬೆಳಕಿಗೆ ಮೊದಲು ಮೀನೆಣ್ಣೆಯ ಕಬ್ಬಿಣದ ಹಣತೆ, ಜೌಗಿನಿಂದ ಅಗೆದು ತೆಗೆದ ಪೈನ್ ಮರದ ಸೀಳು. ಸ್ಕಾಟ್ಲೆಂಡಿನವನೇ ಆದ ಜೇಮ್ಸ್ ಯಂಗ್ 1850ರಲ್ಲಿ ಕಲ್ಲಿದ್ದಲಿನಿಂದ ಪ್ಯಾರಾಫಿನ್ ಎಣ್ಣೆ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ಮುಂದೆ ಆ ಎಣ್ಣೆಯ ದೀಪ ಹಳ್ಳಿಗಳಿಗೂ ಬಂತು. ಸಂಜೆ ಓದುವುದು ಆಗ ಸುಲಭವಾಯಿತು.

ಓದುವ ಆಸೆ ಆ ಸೀಮೆಗೆ ಬಹಳ ಇತ್ತು. 1872ರ ಕಾನೂನು 5ರಿಂದ 13 ವರ್ಷದ ಮಕ್ಕಳಿಗೆ ಶಿಕ್ಷಣ ಕಡ್ಡಾಯ ಮಾಡಿತು. ಹಾಗಂತ ಟರ್ನಿಪ್ ಕಾಯುತ್ತದೆಯೇ? ಸಸಿ ಬಿಡಿಸುವಾಗ, ಆಲೂಗಡ್ಡೆ ಅಗೆಯುವಾಗ ತರಗತಿ ಅರ್ಧ ಖಾಲಿ. ಆದರೂ ಬುದ್ಧಿವಂತ ಹುಡುಗ ಲ್ಯಾಟಿನ್ ಕಲಿತು ಅಬರ್ಡೀನ್ ವಿಶ್ವವಿದ್ಯಾಲಯದ ವಿದ್ಯಾರ್ಥಿವೇತನ ಗೆದ್ದರೆ ಇಡೀ ಊರಿಗೆ ಹೆಮ್ಮೆ. ಪಟ್ಟಣಕ್ಕೆ ಹೊರಟವನ ಹೆಗಲ ಮೇಲೆ ಮನೆಯ ಹಿಟ್ಟಿನ ಚೀಲ. ಸ್ಕಾಟ್ಲೆಂಡಿನ ಕೆಲವು ವಿಶ್ವವಿದ್ಯಾಲಯಗಳಲ್ಲಿ 'ಹಿಟ್ಟಿನ ಸೋಮವಾರ' ಎಂಬ ರಜೆಯೇ ಇತ್ತು. ಹುಡುಗರು ಮನೆಗೆ ಹೋಗಿ ಚೀಲ ತುಂಬಿಸಿಕೊಂಡು ಬರಲೆಂದು.

ಓದದವರೂ ಹೊರಟರು. ಅಬರ್ಡೀನಿನ ಪಕ್ಕದ ಕಿಂಕಾರ್ಡಿನ್‌ಶೈರಿನ ಜೇಮ್ಸ್ ಟೇಲರ್ 1852ರಲ್ಲಿ, ಇನ್ನೂ ಹದಿಹರೆಯದಲ್ಲೇ, ಸಿಲೋನಿಗೆ ಹೋದ. 1867ರಲ್ಲಿ ಅಲ್ಲಿ ಅವನು ನೆಟ್ಟದ್ದೇ ಸಿಲೋನ್ ಟೀ ಉದ್ಯಮದ ಮೊದಲ ತೋಟ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗೆ ಹೋದವರಿಗಂತೂ ಲೆಕ್ಕವಿಲ್ಲ. ಒಂದು ಜೋಡಿಯ ಜಾಗ ಒಬ್ಬ ಮಗನಿಗೆ ಸಾಕು. ಉಳಿದ ಮೂವರು ಏನು ಮಾಡಬೇಕು?

ಭೂಮಿಯ ಪ್ರಶ್ನೆಯಲ್ಲಿ ನಮಗೂ ಒಂದು ಎಳೆ ತಾಗುತ್ತದೆ. ಗುಡ್ಡಗಾಡಿನ ಬಡ ಒಕ್ಕಲುಗಳ ಗಲಾಟೆ ಜೋರಾದಾಗ ಸರ್ಕಾರ 1883ರಲ್ಲಿ ಒಂದು ಆಯೋಗ ನೇಮಿಸಿತು. ಅದರ ಅಧ್ಯಕ್ಷ ಲಾರ್ಡ್ ನೇಪಿಯರ್. ಇದೇ ನೇಪಿಯರ್ 1866ರಿಂದ 1872ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. ಮಂಗಳೂರು, ಬಳ್ಳಾರಿ ಆಗ ಅವನ ಆಡಳಿತದಲ್ಲೇ ಇದ್ದವು. ಆಯೋಗದ ನಂತರ 1886ರಲ್ಲಿ ಬಂದ ಕಾನೂನು ಸಣ್ಣ ಒಕ್ಕಲುಗಳನ್ನು ಎಬ್ಬಿಸದ ಹಾಗೆ ರಕ್ಷಣೆ ಕೊಟ್ಟಿತು, ಗೇಣಿ ನಿಗದಿ ಮಾಡಿತು. ಆದರೆ ಅದು ಏಳು ಜಿಲ್ಲೆಗಳಿಗೆ ಮಾತ್ರ. ಅಬರ್ಡೀನ್‌ಶೈರ್ ಆ ಪಟ್ಟಿಯಲ್ಲಿರಲಿಲ್ಲ. ಕಲ್ಲು ಕಿತ್ತು ಹೊಲ ಮಾಡಿದವರು ಹೊರಗೇ ಉಳಿದರು.

ಇಷ್ಟೆಲ್ಲದರ ನಡುವೆ ಸುಗ್ಗಿ. ಉದ್ದ ಹಿಡಿಯ ದೊಡ್ಡ ಕುಡುಗೋಲು ಹಿಡಿದು ಗಂಡಸು ಮುಂದೆ ಕೊಯ್ಯುತ್ತಾನೆ. ಹಿಂದೆ ಹೆಂಗಸು ಬಾಚಿ ಸಿವುಡು ಮಾಡುತ್ತಾಳೆ, ಇನ್ನೊಬ್ಬ ಕಟ್ಟಿ ನಿಲ್ಲಿಸುತ್ತಾನೆ. ಕೊಯ್ಯುವ ಯಂತ್ರವನ್ನು ಪ್ಯಾಟ್ರಿಕ್ ಬೆಲ್ ಎಂಬ ಸ್ಕಾಟಿಷ್ ತರುಣ 1828ರಷ್ಟು ಹಿಂದೆಯೇ ಹೊಲಕ್ಕಿಳಿಸಿದ್ದ, ಪೇಟೆಂಟೂ ಮಾಡಿಸದೆ. ಸಣ್ಣ ಹೊಲಗಳಿಗೆ ಯಂತ್ರ ಬಂದದ್ದು ದಶಕಗಳ ನಂತರ. ಹೊಲದ ಕೊನೆಯ ಸಿವುಡಿಗೆ 'ಕ್ಲಾಯಕ್' ಎಂದು ಹೆಸರು. ಅದನ್ನು ನೆಲಕ್ಕೆ ತಾಗಿಸದೆ ಮನೆಗೆ ತಂದು ಹೆಣ್ಣಿನ ಹಾಗೆ ಸಿಂಗರಿಸಿ ಇಟ್ಟು, ಚಳಿಗಾಲದ ಹಬ್ಬದ ಬೆಳಗ್ಗೆ ಗಬ್ಬದ ಹಸುವಿಗೋ ಕುದುರೆಗೋ ತಿನ್ನಿಸುತ್ತಿದ್ದರು. ಬಣವೆ ಎಲ್ಲ ಒಟ್ಟಿದ ಮೇಲೆ ಔತಣ. ಅದರಲ್ಲೂ ಓಟ್ಸ್ ಹಿಟ್ಟೇ! ಈ ಸಲ ಏಲ್ ಎಂಬ ಬಿಯರ್, ಕಾಕಂಬಿ, ವಿಸ್ಕಿ ಬೆರೆಸಿ. ದೊಡ್ಡ ಪಾತ್ರೆಯೊಳಗೆ ಒಂದು ಉಂಗುರ ಹಾಕಿರುತ್ತಿದ್ದರು. ಚಮಚಕ್ಕೆ ಉಂಗುರ ಸಿಕ್ಕವರಿಗೆ ಮೊದಲು ಮದುವೆ. ಆಮೇಲೆ ಕಣಜದಲ್ಲಿ ಪಿಟೀಲು, ಬೆಳಗಿನವರೆಗೆ ಕುಣಿತ. ಬೆಳಗ್ಗೆ ಐದಕ್ಕೆ ಕುದುರೆಗೆ ಮೇವು ಮಾತ್ರ ತಪ್ಪುವಂತಿಲ್ಲ.

1879ರಲ್ಲಿ ಮಳೆ ಬಿಡಲೇ ಇಲ್ಲ, ಬೆಳೆ ಹೊಲದಲ್ಲೇ ಕೊಳೆಯಿತು. ಅದೇ ಹೊತ್ತಿಗೆ ಅಮೆರಿಕದ ಅಗ್ಗದ ಗೋಧಿ ಹಡಗುಗಟ್ಟಲೆ ಬಂದು ಇಂಗ್ಲೆಂಡಿನ ಗೋಧಿ ರೈತರನ್ನು ಮುಳುಗಿಸಿತು. ಅಬರ್ಡೀನಿನವರು ಗೋಧಿಯನ್ನು ನಂಬಿರಲಿಲ್ಲ. ಟರ್ನಿಪ್, ದನ ಮತ್ತು ಮನೆಮಂದಿಯ ಸಂಬಳವಿಲ್ಲದ ದುಡಿಮೆ ಅವರನ್ನು ತೇಲಿಸಿತು.

ಮೇ ತಿಂಗಳ ಕೊನೆ. ಆರು ತಿಂಗಳ ಮಾತು ಮುಗಿದಿದೆ. ಕೂಲಿ ಕೈಗೆ ಬಂದಿದೆ. ಯಜಮಾನ ಹರೆಯದ ಕುದುರೆಯಾಳನ್ನು "ಮುಂದೆಯೂ ಇರುತ್ತೀಯಾ?" ಎಂದು ಕೇಳಲಿಲ್ಲ. ಕೇಳದೇ ಇದ್ದರೆ ಹೊರಡು ಎಂದೇ ಅರ್ಥ. ಹುಡುಗ ಹಾಸಿಗೆಯ ಹಳೆಯ ಹೊಟ್ಟನ್ನು ಸುರಿದು, ಪೆಟ್ಟಿಗೆಯನ್ನು ಗಾಡಿಗೆ ಏರಿಸುತ್ತಾನೆ. ದಾರಿಯಲ್ಲಿ ಎದುರಿಂದ ಅಂಥದ್ದೇ ಇನ್ನೊಂದು ಗಾಡಿ, ಅಂಥದ್ದೇ ಪೆಟ್ಟಿಗೆ. ಅವನು ಬಿಟ್ಟ ಜಾಗಕ್ಕೆ ಹೋಗುತ್ತಿರುವವನು. ಗಾಡಿ ನಿಲ್ಲುತ್ತದೆ. ಹೊಸಬ ಕೇಳುವುದು ಮೊದಲು ಕುದುರೆ ಹೇಗಿದೆ ಎಂದು. ಆಮೇಲೆ, ಬ್ರೋಸಿಗೆ ಹಾಲು ಧಾರಾಳವಾಗಿ ಕೊಡುತ್ತಾರಾ ಎಂದು.